ಬೆಲ್ಲನ ಹಿಂಬಾಲ

ಶಿವಗಣಾರಾಧನೆ ಮುಗಿದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಒಂದು ಲೀಟರ್ ಅಳೆದು ಹೋದ. ಅರ್ಧ ಸಾಕು ಎಂದು ಹೇಳುವುದು ನನಗೆ ಹೊಳೆಯಲಿಲ್ಲ. ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೇ ಹೊರಟುಹೋಗಿದ್ದರು. ಹನ್ನೊಂದು ದಿನ ಯಾರಾದರೊಬ್ಬರು ನನಗಾಗಿ ಬಾಗಿಲು ತೆಗೆಯುತ್ತಿದ್ದರು, ನನಗಾಗಿ ಮಾತಾಡುತ್ತಿದ್ದರು, ನನ್ನ ಗಂಡ ಮರುಳಸಿದ್ಧ ಹೇಗೆ ಹೋದರು ಎಂಬುದನ್ನು ಬಂದವರಿಗೆಲ್ಲ ನನಗಾಗಿ ಹೇಳುತ್ತಿದ್ದರು. ಮೂರು ದಿನ ಜ್ವರ, ನಾಲ್ಕನೆಯ ದಿನ ಇಲ್ಲ. ಆ ಮಾತನ್ನು ಬೇರೆಯವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೆನೆಂದರೆ ಅದು ಯಾರದೋ ಮನೆಯ ಸಂಗತಿಯಂತೆ ಆಗಿತ್ತು.

ಹಾಲು ಕಾಯಲಿಟ್ಟೆ. ಉಕ್ಕಿತು. ಒಲೆ ಒರೆಸಿದೆ. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು, ಈಗ ನಾನೇ ಹೋಗಿ ತೆಗೆಯಬೇಕಾಯಿತು. ಪುರಸಭೆಯ ನಾಯಿ ವಿಭಾಗದ ಗುಮಾಸ್ತ ತಿಪ್ಪೇಶಿ ಛತ್ರಿ ಮಡಚಿ ಹಿಡಿದು ನಿಂತಿದ್ದ. ಆ ವಿಭಾಗಕ್ಕೆ ಬಂದು ಅವನಿಗೆ ಒಂದು ವರ್ಷವಾಗಿರಬೇಕು.

"ಅಮ್ಮಾ, ಇಂಥ ಹೊತ್ತಲ್ಲಿ ಬರಬಾರದು. ಗೊತ್ತು. ಆದ್ರೆ ಸಾವಾದ ಮನೆ ನಾಯಿಗೆ ಹದಿನೈದು ದಿನದೊಳಗೆ ಹೊಸ ಲೈಸೆನ್ಸ್ ಆಗ್ಬೇಕು. ಇವತ್ತಿಗೆ ಹನ್ನೆರಡು. ನಾಳೆಯಿಂದ ಮೂರು ದಿನ ಆಫೀಸಿಗೆ ರಜೆ. ಇವತ್ತು ಬಿಟ್ರೆ ಗಾಡಿಯವರು ಬಂದು ಊರಾಚೆ ಬಿಟ್ಟು ಬರ್ತಾರೆ," ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಗೇಟಿನ ಬಳಿ ಮಲಗಿದ್ದ ಬೆಲ್ಲನನ್ನು ನೋಡುತ್ತಿದ್ದ.

ಬೆಲ್ಲ ಬೆಲ್ಲದ ಬಣ್ಣದ ನಾಯಿ. ನಾನು ಮದುವೆಯಾಗಿ ಈ ಊರಿಗೆ ಬಂದ ತಿಂಗಳಿಗೆ ಅವರು ಅದನ್ನು ಮನೆಗೆ ತಂದಿದ್ದರು. ಅವರು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದಲ್ಲಿದ್ದರು. ಮೊದಲ ಕೆಲವು ದಿನ ನಾಯಿಯನ್ನು ನನ್ನ ಬಳಿ ಬಿಟ್ಟು ಹೋದರು. ನಾನು ಹಾಸ್ಟೆಲಿನಲ್ಲಿ, ಗ್ರಂಥಾಲಯದಲ್ಲಿ ಬೆಳೆದವಳು. ನಾಯಿ ಎಂದರೆ ಭಯ. ಅದನ್ನು ಹಿತ್ತಿಲಿಗೆ ಹಾಕಿ ಅಗುಳಿ ಹಾಕುತ್ತಿದ್ದೆ. ಆಮೇಲೆ ಅವರು ಏನೂ ಹೇಳದೆ ಅದನ್ನು ತಮ್ಮ ಜೊತೆಗೇ ಕರೆದುಕೊಂಡು ಹೋಗತೊಡಗಿದರು. ಎರಡು ವರ್ಷ ಇಬ್ಬರೂ ಒಟ್ಟಿಗೇ ಹೊರಟು ಒಟ್ಟಿಗೇ ಬರುತ್ತಿದ್ದರು. ಅವರು ಹೋದ ಮೇಲೆ ಅದು ಗೇಟು ಬಿಟ್ಟು ಒಳಗೆ ಬಂದಿರಲಿಲ್ಲ. ನಾನು ಅನ್ನ ಇಟ್ಟು ಒಳಗೆ ಹೋದ ಮೇಲಷ್ಟೇ ತಿನ್ನುತ್ತಿತ್ತು.

ನಮ್ಮೂರಲ್ಲಿ ಲೈಸೆನ್ಸ್ ಕೊಡುವುದು ಹೀಗೆ. ಬೆಳಿಗ್ಗೆ ಎಂಟರ ಸೈರನ್ ಆದ ಕೂಡಲೇ ಪುರಸಭೆಯ ಗೇಟಿನಲ್ಲಿ ನಾಯಿಯ ಹಗ್ಗ ಬಿಚ್ಚುತ್ತಾರೆ. ಗುಮಾಸ್ತ ಮತ್ತು ಅರ್ಜಿದಾರರು ಹತ್ತು ಹೆಜ್ಜೆ ಹಿಂದೆ ನಡೆಯಬೇಕು. ಇದಕ್ಕೆ ಹಿಂಬಾಲ ಎನ್ನುತ್ತಾರೆ. ನಾಯಿಯನ್ನು ಕರೆಯುವಂತಿಲ್ಲ, ಶಿಳ್ಳೆ ಹಾಕುವಂತಿಲ್ಲ. ನಾಯಿ ಯಾವ ಮನೆಯ ಮುಂದೆ ಕೂರುತ್ತದೋ ಆ ಮನೆಯವರು ಪುಸ್ತಕದಲ್ಲಿ ರುಜು ಹಾಕಬೇಕು. ಎಲ್ಲಿ ಮಲಗಿ ಮುಂಗಾಲ ಮೇಲೆ ಗದ್ದ ಇಡುತ್ತದೋ, ಗುಮಾಸ್ತ ನೂರು ಎಣಿಸುವವರೆಗೂ ಏಳುವುದಿಲ್ಲವೋ, ಅದು ಆ ಮನೆಯ ನಾಯಿ. ಸಂಜೆ ಆರರ ಸೈರನ್ನಿನೊಳಗೆ ಎಲ್ಲೂ ಮಲಗದಿದ್ದರೆ ಅದು ಯಾರ ನಾಯಿಯೂ ಅಲ್ಲ.

ಇದರಿಂದ ಊರು ಪಡುವ ಪಾಡು ಒಂದೆರಡಲ್ಲ. ಒಂಬತ್ತು ವರ್ಷ ಅಣ್ಣನ ಜೊತೆ ಮಾತು ಬಿಟ್ಟಿದ್ದ ನಂಜುಂಡಯ್ಯ ಮೇಷ್ಟ್ರ ನಾಯಿ ನೇರ ಅಣ್ಣನ ಮನೆಯ ಪಡಸಾಲೆಗೆ ಹೋಗಿ ಮಲಗಿತು. ರುಜು ಹಾಕುವಾಗ ಅಣ್ಣ ತಮ್ಮ ಇಬ್ಬರೂ ನಾಯಿಯ ಮೂಲಕವೇ ಮಾತಾಡಿಕೊಂಡರಂತೆ. ನಿವೃತ್ತ ಇನ್‌ಸ್ಪೆಕ್ಟರರ ನಾಯಿ ಲಾಕಪ್ಪಿನಲ್ಲಿ ಮಲಗಿತು. ಇನ್ನೊಂದು ನಾಯಿ ಗಾಣದ ಬೀದಿಯ ನಟ್ಟನಡುವೆ ಮಲಗಿ ನೂರು ಮುಗಿಸಿದ್ದರಿಂದ ಲೈಸೆನ್ಸನ್ನು ಬೀದಿಯ ಹೆಸರಿಗೇ ಬರೆದರು. ಈಗಲೂ ಅದಕ್ಕೆ ಇಂಜೆಕ್ಷನ್ ಹಾಕಿಸುವ ದಿನ ಇಡೀ ಬೀದಿ ಹೋಗುತ್ತದೆ. ಸಂಬಂಧ ನೋಡಲು ಬಂದವರು ಹುಡುಗನ ಕೆಲಸ ವಿಚಾರಿಸುವ ಮೊದಲು, ಈ ಮನೆ ಮುಂದೆ ಎಷ್ಟು ನಾಯಿ ಕೂತಿವೆ ಎಂದು ಕೇಳುತ್ತಾರೆ.

ನಾನು ಸಂಖ್ಯಾಶಾಸ್ತ್ರ ಓದಿದವಳು. ಬೆಲ್ಲ ಪ್ರತಿ ತಿಂಗಳೂ ಮುನ್ನೂರು ಮನೆಗಳಿಗೆ ಹೋಗಿ ಬರುತ್ತಿತ್ತು. ಅವುಗಳಲ್ಲಿ ಅದಕ್ಕೆ ಅಗುಳಿ ಹಾಕಿದ್ದ ಮನೆ ಬಹುಶಃ ನಮ್ಮದೊಂದೇ. ಅದು ನಮ್ಮ ಮನೆಯಲ್ಲಿ ಬಂದು ಮಲಗುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಲು ಕಾಗದ ಬೇಕಿರಲಿಲ್ಲ. ಹೋದರೆ ಹೋಗಲಿ ಎಂದುಕೊಂಡು ಚಪ್ಪಲಿ ಮೆಟ್ಟಿದೆ. ಗೇಟು ದಾಟುವಾಗ, ಅವರ ಹೆಜ್ಜೆಯ ಸದ್ದು ಗೊತ್ತಿರುವ ಜೀವ ಈ ಮನೆಯಲ್ಲಿ ನಾನಲ್ಲದೆ ಇದೊಂದೇ ಅನ್ನಿಸಿತು. ಇದು ಹೋಗಬಾರದು ಅನ್ನಿಸಿತು. ಹನ್ನೆರಡು ದಿನದಲ್ಲಿ ನನಗೆ ಏನಾದರೂ ಬೇಕು ಎನಿಸಿದ್ದು ಅದೇ ಮೊದಲು.

ಪುರಸಭೆಯ ಗೇಟಿನಲ್ಲಿ ತಿಪ್ಪೇಶಿ ನನ್ನ ಕೈ ಮೂಸಿ ನೋಡಿದ. "ತಪ್ಪು ತಿಳೀಬೇಡಿ, ಎಲ್ಲಾರದ್ದೂ ಮೂಸ್ತೀನಿ. ಹೋದ ತಿಂಗಳು ಡಾಕ್ಟರಮ್ಮ ಸೆರಗಿನ ತುದೀಲಿ ಕೈಮಾ ಉಂಡೆ ಕಟ್ಕೊಂಡು ಬಂದಿದ್ರು. ಅವರ ನಾಯಿ ಬಿಟ್ಟು ಇನ್ನೂ ಎಂಟು ನಾಯಿ ನಮ್ಮ ಹಿಂದೆ!" ಬೆಲ್ಲನ ಕೊರಳಿನ ಹಿತ್ತಾಳೆ ಬಿಲ್ಲೆಯನ್ನು ತಿರುವಿ ನೋಡಿದ. ಅದರ ಮೇಲಿನ ನಂಬರು ಪೂರ್ತಿ ಸವೆದಿತ್ತು. "ಇರ್ಲಿ, ಹೊಸದು ಆಗುತ್ತಲ್ಲ," ಎಂದು ಹಗ್ಗ ಬಿಚ್ಚಿದ. ಸೈರನ್ ಆಯಿತು.

ಮೊದಲ ಬೀದಿಗೆ ತಿರುಗಿದಾಗ ಒಂದು ಬಾಗಿಲೂ ತೆರೆದಿರಲಿಲ್ಲ. ಎರಡೂ ಬದಿಯ ಮನೆಗಳು ಮುಚ್ಚಿದ್ದವು. ಕಿಟಕಿಗಳೂ ಮುಚ್ಚಿದ್ದವು. ರಂಗೋಲಿ ಹಸಿಯಾಗಿತ್ತು, ಹಾಕಿದವರು ಇರಲಿಲ್ಲ. ನನಗೆ ಅರ್ಥವಾಯಿತು ಎಂದುಕೊಂಡೆ. ಬೆಳಬೆಳಿಗ್ಗೆ ಎದುರಿಗೆ ಬರುವ ಮುಖ ನನ್ನದಾಗುವುದು ಅವರಿಗೆ ಬೇಡವಾಗಿರಬೇಕು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ತಿಪ್ಪೇಶಿಗೂ ಹಾಗೆಯೇ ಅನ್ನಿಸಿತ್ತು ಎಂದು ಆಮೇಲೆ ಹೇಳಿದ.

ಬೆಲ್ಲ ಮೊದಲ ಮನೆಯ ಜಗಲಿ ಹತ್ತಿ ಮುಚ್ಚಿದ ಬಾಗಿಲಿಗೆ ಮುಖ ಮಾಡಿ ಕೂತಿತು. ಐದು ನಿಮಿಷ, ಹತ್ತು ನಿಮಿಷ. ಏಳಲಿಲ್ಲ. ಒಳಗಿನಿಂದ ಪಿಸುಮಾತು ಕೇಳಿಸಿತು.

"ಹೋಯ್ತಾ?"

"ಇಲ್ಲ ಕಣ್ರೀ, ಕೂತಿದೆ."

"ಶ್! ಉಸಿರು ಬಿಡಬೇಡ."

ತಿಪ್ಪೇಶಿ ಛತ್ರಿಯ ಹಿಡಿಯಿಂದ ಬಾಗಿಲು ಬಡಿದ. "ಯಾರ್ರೀ ಒಳಗೆ? ಬಂದು ರುಜು ಹಾಕಿ."

"ಮನೇಲಿ ಯಾರೂ ಇಲ್ಲ!" ಎಂದಿತು ಒಳಗಿನಿಂದ ಹೆಣ್ಣುದನಿ.

"ಯಾರೂ ಇಲ್ದೆ ಉಸಿರು ಬಿಡ್ಬೇಡ ಅಂದಿದ್ದು ಗೋಡೆನಾ? ತೆಗೀರಿ ಅಂಬುಜಕ್ಕ, ನಿಮ್ಮ ದನಿ ನಂಗೊತ್ತಿಲ್ವಾ?"

"ತೆಗೆಯಲ್ಲ ಹೋಗೋ ತಿಪ್ಪೇಶಿ. ತೆಗೆದ್ರೆ ಒಳಗೆ ಬಂದು ಮಲಗಿಬಿಟ್ರೆ ಏನು ಗತಿ? ನಮ್ಮ ಮನೆ ಅಂದ್ರೆ ಅದಕ್ಕೆ ಪ್ರಾಣ. ಆ ಹುಡುಗಿಗೆ ಉಳಿದಿರೋದು ಅದೊಂದು. ಬೀದೀಲಿ ಎಲ್ಲಾರೂ ಮಾತಾಡ್ಕೊಂಡಿದೀವಿ, ಅದು ಅವಳ ಮನೆ ಸೇರೋವರೆಗೂ ಯಾರೂ ಬಾಗಿಲು ತೆಗೆಯೋ ಹಾಗಿಲ್ಲ ಅಂತ. ಹಿಂದಿನ ಬೀದಿಗೂ ಹೇಳಿ ಕಳಿಸಿದೀವಿ. ನಿಮ್ಮಣ್ಣ ಆಗಲೇ ಒಂದು ಗಂಟೆಯಿಂದ ಬಚ್ಚಲಿಗೂ ಹೋಗದೆ ಕೂತಿದಾರೆ!"

ಬೀದಿಯ ಉದ್ದಕ್ಕೂ ಮುಚ್ಚಿದ ಬಾಗಿಲುಗಳನ್ನು ಮತ್ತೊಮ್ಮೆ ನೋಡಿದೆ. ಸೆರಗು ತಾನಾಗಿಯೇ ಜಾರಿತು, ಮತ್ತೆ ಹೊದೆಯಲಿಲ್ಲ.

ಆದರೆ ಅವರ ಒಳ್ಳೆಯತನದಲ್ಲಿ ಒಂದು ತಪ್ಪಿತ್ತು. ಬಾಗಿಲು ಮುಚ್ಚಿದ್ದರೆ ನನ್ನ ಗಂಡ ಮುಂದಿನ ಮನೆಗೆ ಹೋಗುತ್ತಿರಲಿಲ್ಲ. ಅಂದಾಜಿನಲ್ಲಿ ಅಂಕಿ ಬರೆಯುವುದು ಅವರಿಗೆ ಆಗದು. ಮನೆಯವರು ಬರುವವರೆಗೆ ಜಗಲಿಯ ಮೇಲೆ ಕೂತು ಕಾಯುತ್ತಿದ್ದರು, ಪಕ್ಕದಲ್ಲಿ ಬೆಲ್ಲ. ಊಟದ ಹೊತ್ತಿಗೆ ಬರದ ದಿನ, ಇಂಥವರ ಮನೆಯಲ್ಲಿ ಬಾಗಿಲು ತೆಗೆಯುವುದು ತಡವಾಯಿತು ಎನ್ನುತ್ತಿದ್ದರು. ನಾಯಿ ಕಲಿತದ್ದು ಅದನ್ನೇ. ಹೀಗೇ ಮುಚ್ಚಿದ ಒಂದೊಂದು ಬಾಗಿಲಿಗೂ ಕೂತರೆ ಆರರ ಸೈರನ್ ಈ ಬೀದಿಯಲ್ಲೇ ಆಗುತ್ತದೆ.

ನಾನೇ ಬಾಗಿಲು ತಟ್ಟಿದೆ. "ತೆಗೀರಿ ಅಕ್ಕ. ತೆಗೆಯೋವರೆಗೂ ಅವರು ಏಳ್ತಿರಲಿಲ್ಲ. ಇದೂ ಏಳಲ್ಲ."

ಚಿಲಕ ಸರಿಯಿತು. ಬೆಲ್ಲ ಎದ್ದು ಒಳಗೆ ಹೋಗಿ ನಲ್ಲಿಯ ಪಕ್ಕದ ಮೀಟರ್ ಪೆಟ್ಟಿಗೆಯನ್ನು ಮೂಸಿ, ಬಾಲ ಅಲ್ಲಾಡಿಸಿ, ಹೊರಗೆ ಬಂದು ಪಕ್ಕದ ಮನೆಯ ಜಗಲಿ ಹತ್ತಿತು. ಅಂಬುಜಕ್ಕ ರುಜು ಹಾಕುತ್ತ ಅತ್ತರು. ಅವರ ಗಂಡ ಬಚ್ಚಲಿಗೆ ಓಡಿದರು.

ಹಾಗೆ ಶುರುವಾಯಿತು. ಪ್ರತಿ ಮನೆಯಲ್ಲೂ ನಾನು ಬಾಗಿಲು ತಟ್ಟಬೇಕು, ಅದೇ ಮಾತು ಹೇಳಬೇಕು. ಕೆಲವರು ಇದು ತಿಪ್ಪೇಶಿಯ ಉಪಾಯವಿರಬೇಕೆಂದುಕೊಂಡು ನಂಬಲಿಲ್ಲ, ಕಿಟಕಿಯಿಂದ ನನ್ನ ಮುಖ ನೋಡಿಕೊಂಡೇ ತೆಗೆದರು. ತೆಗೆದವರು ಸುಮ್ಮನೆ ರುಜು ಹಾಕಿ ಕಳಿಸಲಿಲ್ಲ. ಒಬ್ಬರ ನಲ್ಲಿಗೆ ನನ್ನ ಗಂಡ ವಾಷರ್ ಹಾಕಿಕೊಟ್ಟಿದ್ದರು. ಒಬ್ಬರ ಮನೆಯ ಕಣ್ಣು ಕಾಣದ ಅಜ್ಜ ಪ್ರತಿ ತಿಂಗಳೂ ಅಂಕಿಯನ್ನು ಜೋರಾಗಿ ಓದಿಸಿಕೊಂಡು, ಹೋದ ತಿಂಗಳದ್ದನ್ನು ಮನಸ್ಸಿನಲ್ಲೇ ಕಳೆದು ಸರಿಯಾಗಿದೆ ಎನ್ನುತ್ತಿದ್ದರಂತೆ. "ಈ ತಿಂಗಳದ್ದು ಯಾರೂ ಓದಿಲ್ಲ ತಾಯಿ," ಎಂದರು. ನಾನು ಬಗ್ಗಿ ಪೆಟ್ಟಿಗೆಯ ಮುಚ್ಚಳ ಎತ್ತಿ ಓದಿದೆ. ಅಜ್ಜ ಕಳೆದರು. "ಸರಿಯಾಗಿದೆ," ಎಂದರು. ಒಂದು ಮನೆಯಲ್ಲಿ ನನಗೆ ಮಜ್ಜಿಗೆ ಕೊಟ್ಟರು, ಇನ್ನೊಂದರಲ್ಲಿ ಉಪ್ಪಿಟ್ಟು ತಿನ್ನಿಸದೆ ಬಿಡಲಿಲ್ಲ. ತಿಪ್ಪೇಶಿಯ ಚಪ್ಪಲಿಯ ಬಾರು ಕಿತ್ತುಹೋಗಿ, ಯಾರದೋ ಮನೆಯ ಹೆಂಗಸರ ಚಪ್ಪಲಿ ಹಾಕಿಕೊಂಡು ನಡೆದ. ಎರಡು ವರ್ಷ ಈ ಊರಿನಲ್ಲಿ ನನಗೆ ಯಾರೂ ಗೊತ್ತಿಲ್ಲ ಎಂದುಕೊಂಡಿದ್ದೆ. ಅವರೆಲ್ಲರಿಗೂ ನನ್ನ ಹೆಸರು ಗೊತ್ತಿತ್ತು. ನಾನು ಏನು ಓದಿದ್ದೇನೆ ಎಂಬುದೂ ಗೊತ್ತಿತ್ತು. "ನಮ್ಮ ನೀಲಾಂಬಿಕೆ ಅಂತ ಹೇಳ್ತಾನೇ ಇರ್ತಿದ್ರು," ಎಂದರು ಒಬ್ಬರು.

ಐದೂಕಾಲರ ಹೊತ್ತಿಗೆ ನಲವತ್ತೇಳು ರುಜುಗಳಾಗಿದ್ದವು. ಬೆಲ್ಲ ಎಲ್ಲೂ ಮಲಗಿರಲಿಲ್ಲ. ತಿಪ್ಪೇಶಿ ಗಡಿಯಾರ ನೋಡಿಕೊಳ್ಳುವುದನ್ನು ಬಿಟ್ಟಿದ್ದ. ಆಗ ಬೆಲ್ಲ ಗಿರಣಿ ಓಣಿಗೆ ತಿರುಗಿತು. ತಿರುಗಿದ್ದೇ ಓಡತೊಡಗಿತು.

ಆ ಇಡೀ ದಿನ ನಾವು ನೋಡಿದ ಬಾಗಿಲುಗಳಲ್ಲಿ ಹಾರು ಹೊಡೆದಂತೆ ತೆರೆದಿದ್ದುದು ಅದೊಂದೇ. ಹಿಟ್ಟಿನ ಗಿರಣಿ ನಡೆಸುವ ಹನುಮಕ್ಕನಿಗೆ ಯಾರೂ ವಿಷಯ ಹೇಳಿರಲಿಲ್ಲ. ಹೇಳುವುದು ಸುಲಭವೂ ಇರಲಿಲ್ಲ, ಮೂವತ್ತು ವರ್ಷದ ಗಿರಣಿಯ ಸದ್ದಿನಲ್ಲಿ ಅವಳ ಕಿವಿ ಹೋಗಿತ್ತು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ನಮ್ಮ ಮನೆಯ ರಾಗಿ ಬೀಸಿಸಿಕೊಂಡು ಬರುತ್ತಿದ್ದವರು ನನ್ನ ಗಂಡ. ನಾವು ಒಳಗೆ ಹೋಗುವಷ್ಟರಲ್ಲಿ ಬೆಲ್ಲ ಯಂತ್ರದ ಪಕ್ಕದ ಗೋಣಿಚೀಲದ ಮೇಲೆ ಎರಡು ಸುತ್ತು ಸುತ್ತಿ ಮಲಗಿ, ಮುಂಗಾಲ ಮೇಲೆ ಗದ್ದ ಇಟ್ಟಾಗಿತ್ತು.

ತಿಪ್ಪೇಶಿ ನನ್ನನ್ನು ನೋಡಿದ. ನಿಯಮ ನಿಯಮವೇ. "ಒಂದು," ಎಂದ. "ಎರಡು."

ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡಿದ್ದ ಹನುಮಕ್ಕ ತಿರುಗಿ ನೋಡಿ ಯಂತ್ರ ನಿಲ್ಲಿಸಿದಳು. "ಓ, ಬೆಲ್ಲ!" ಎಂದು ಕೂಗಿದಳು. ಅವಳ ಮಾತೆಲ್ಲ ಕೂಗೇ. "ಸಿದ್ದಣ್ಣ ಎಲ್ಲಿ? ಈ ತಿಂಗ್ಳು ಬರ್ಲೇ ಇಲ್ಲ. ಹೊರಗ್ ನಿಂತವ್ನಾ? ಒಳಗ್ ಬಾ ಅನ್ನು, ಚಾ ಇಡ್ತೀನಿ." ಆಮೇಲೆ ನನ್ನನ್ನು ಕಂಡಳು. "ನೀನ್ಯಾರವ್ವಾ? ಅವನ ಹೆಂಡ್ತಿಯಾ?"

ಅವಳಿಗೆ ಗೊತ್ತಿರಲಿಲ್ಲ. ನಾನು ತಿಪ್ಪೇಶಿಯತ್ತ ತಿರುಗಿದೆ. ಅವನು ಎಣಿಸುವುದನ್ನು ನಿಲ್ಲಿಸುವಂತಿರಲಿಲ್ಲ. ಕಣ್ಣಿನಲ್ಲೇ, ನೀವೇ ಹೇಳಿ ಎಂದ.

"ಅವರಿಲ್ಲ," ಎಂದೆ.

"ಆಂ?"

"ಅವರು ತೀರಿಕೊಂಡ್ರು."

"ಜೋರಾಗ್ ಹೇಳವ್ವಾ, ಕಿವಿ ಕೇಳ್ಸಕಿಲ್ಲ!"

"ಸತ್ತುಹೋದ್ರು! ನನ್ನ ಗಂಡ ಸತ್ತುಹೋದ್ರು ಹನುಮಕ್ಕ!"

ನನ್ನ ದನಿ ತಗಡಿನ ಸೂರಿಗೆ ಬಡಿದು ನನ್ನ ಮೇಲೆಯೇ ಬಿತ್ತು. ತಿಪ್ಪೇಶಿ ಐವತ್ತೆಂಟನ್ನು ಎರಡು ಸಲ ಹೇಳಿದ. ಹನುಮಕ್ಕ ರಾಗಿ ಚೀಲದ ಮೇಲೆ ಕುಸಿದು ಕೂತಳು. ನಾನು ನಿಂತಲ್ಲೇ ಅತ್ತೆ. ಹನ್ನೆರಡು ದಿನ ಅಳದವಳು, ಅರವತ್ತರಿಂದ ಎಂಬತ್ತರವರೆಗೆ ಅತ್ತೆ.

ಹನುಮಕ್ಕ ಮಲಗಿದ್ದ ಬೆಲ್ಲನನ್ನು, ತಿಪ್ಪೇಶಿಯ ಕೈಯಲ್ಲಿದ್ದ ಪುಸ್ತಕವನ್ನು, ಅವನ ಆಡುವ ತುಟಿಗಳನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಎದ್ದು ಪೊರಕೆ ಎತ್ತಿಕೊಂಡಳು. "ಏಳು! ಇಲ್ಲೇನ್ ಕೆಲ್ಸ ನಿಂಗೆ? ಏಳ್ತೀಯೋ ಇಲ್ವೋ!" ಎಂದು ನೆಲಕ್ಕೆ ಬಡಿದಳು. ಬೆಲ್ಲ ಕಣ್ಣೆತ್ತಿ ನೋಡಿತೇ ಹೊರತು ಏಳಲಿಲ್ಲ. ತೊಂಬತ್ತೊಂದು. ತೊಂಬತ್ತೆರಡು. ಅವಳು ಅದರ ಬೆನ್ನಿಗೇ ಒಂದು ಕೊಟ್ಟಳು. "ನಡಿ ಮನೆಗೆ! ನಡಿ ಅವಳ ಹಿಂದೆ!" ತೊಂಬತ್ತಾರಕ್ಕೆ ಬೆಲ್ಲ ಎದ್ದು ಹಿಟ್ಟು ಕೊಡವಿಕೊಂಡು ಹೊರಗೆ ಹೋಯಿತು.

"ಮನೆಯವರೇ ಎಬ್ಬಿಸಬಾರದು ಅಂತ ಎಲ್ಲೂ ಬರೆದಿಲ್ಲ," ಎಂದ ತಿಪ್ಪೇಶಿ, ತನಗೇ ಹೇಳಿಕೊಳ್ಳುವಂತೆ. "ಮಲಗಿದ ನಾಯೀನ ಎಬ್ಬಿಸಿ ಕಳಿಸಿದೋರು ಇದುವರೆಗೂ ಯಾರೂ ಇರಲಿಲ್ಲ." ಹನುಮಕ್ಕ ಹೆಬ್ಬೆಟ್ಟು ಒತ್ತಿದಳು. ನಲವತ್ತೆಂಟನೆಯ ಗುರುತು.

ಆರಕ್ಕೆ ನಾಲ್ಕು ನಿಮಿಷ ಇರುವಾಗ ಬೆಲ್ಲ ನಮ್ಮ ಗೇಟು ದಾಟಿ, ಜಗಲಿ ಹತ್ತಿ, ಹೊಸ್ತಿಲ ಒಳಗೆ ಮಲಗಿತು. ತಿಪ್ಪೇಶಿ ತೊಂಬತ್ತಕ್ಕೆ ಬಂದಾಗ ಎದುರು ಮನೆಯ ಮುಚ್ಚಿದ ಕಿಟಕಿಯ ಹಿಂದೆ ಯಾರೋ ಸೀನಿದರು. ಬೆಲ್ಲ ಕಿವಿ ನಿಮಿರಿಸಿತು, ಏಳಲಿಲ್ಲ. ನೂರಾದ ಮೇಲೆ ಬೀದಿಯ ಬಾಗಿಲುಗಳೆಲ್ಲ ಒಟ್ಟಿಗೇ ತೆರೆದುಕೊಂಡವು. ಹೊಸ ಬಿಲ್ಲೆ ಬಂತು. ಲೈಸೆನ್ಸಿನಲ್ಲಿ ನನ್ನ ಹೆಸರು ಬರೆದರು. ಅಂದು ಬೆಲ್ಲ ಮೊದಲ ಸಲ ನನ್ನ ಅಂಗೈಯಿಂದಲೇ ಅನ್ನ ತಿಂದಿತು. ಅದರ ನಾಲಿಗೆ ಅಷ್ಟು ಬಿಸಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹಾಲಿನವನಿಗೆ ಅರ್ಧ ಲೀಟರ್ ಸಾಕೆಂದೆ. ಚೀಲದಲ್ಲಿ ರಾಗಿ ತುಂಬಿಕೊಂಡು, ಬೆಲ್ಲನಿಗೆ ಹಗ್ಗ ಕಟ್ಟಿ ಗಿರಣಿಗೆ ಹೋದೆ. ಹನುಮಕ್ಕನಿಗೆ ಕೈಮುಗಿದು ಬರುವುದಿತ್ತು. ಅವಳು ಬಾಗಿಲಿಗೆ ಬೆನ್ನು ಮಾಡಿ ಯಂತ್ರಕ್ಕೆ ಜೋಳ ಸುರಿಯುತ್ತಿದ್ದಳು. ನನಗಿಂತ ಮೊದಲು ಬಂದಿದ್ದ ಹೆಂಗಸೊಬ್ಬಳು ಬಾಗಿಲ ಚೌಕಟ್ಟಿಗೆ ಕಟ್ಟಿದ್ದ ಸೆಣಬಿನ ದಾರ ಹಿಡಿದು ಎಳೆದಳು. ದಾರದ ಇನ್ನೊಂದು ತುದಿ ಹನುಮಕ್ಕನ ಸೊಂಟದಲ್ಲಿತ್ತು. ಅವಳು ಜಗ್ಗಿದಂತಾಗಿ ಮುಗ್ಗರಿಸಿ, ಯಂತ್ರದ ಪಟ್ಟಿಯ ಬಳಿ ಕೈ ಊರಿ, ಸಾವರಿಸಿಕೊಂಡು ತಿರುಗಿದಳು. ಅಷ್ಟರಲ್ಲಿ ಬೆಲ್ಲ ನನ್ನ ಕೈಯಿಂದ ಬಿಡಿಸಿಕೊಂಡು ಹೋಗಿ ಅವಳ ಸೆರಗಿನ ತುದಿಯನ್ನು ಮೆಲ್ಲಗೆ ಕಚ್ಚಿ, ಬಾಗಿಲ ಕಡೆಗೆ ಎಳೆದು ನಿಂತಿತು. ಯಾರೋ ಬಂದಿದ್ದಾರೆ ನೋಡು ಎನ್ನುವ ಹಾಗೆ.

"ಏನಿದು?" ಎಂದು ಆ ಹೆಂಗಸನ್ನು ಕೇಳಿದೆ.

"ಮೊದ್ಲು ಇವಳಿಗೆ ಈ ದಾರ ಎಲ್ಲಿತ್ತು? ಇಂಥದ್ದೇ ಒಂದು ನಾಯಿ ಕಿವಿ ಆಗಿತ್ತಲ್ಲ. ಎರಡು ವರ್ಷದ ಹಿಂದೆ ಎಲ್ಲಿಗೋ ಕೊಟ್ಟುಬಿಟ್ಳು. ಯಾರಿಗೆ ಅಂತ ಬಾಯೇ ಬಿಡಲಿಲ್ಲ."

ಆ ಹೆಂಗಸು ಹಿಟ್ಟು ತೆಗೆದುಕೊಂಡು ಹೋಗುವವರೆಗೆ ಕಾದೆ. ಹನುಮಕ್ಕನ ಎದುರು ನಿಂತು, ತುಟಿ ಕಾಣುವಂತೆ ಕೇಳಿದೆ. "ಬೆಲ್ಲ ನಿಮ್ಮದಾ?"

ಅವಳು ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿದಳು. ಹೇಳಲು ಅವಳಿಗೆ ಮನಸ್ಸಿರಲಿಲ್ಲ. "ಮೀಟರ್ ಓದೋಕ್ ಬಂದಿದ್ದ. ಇಲ್ಲೇ ಕೂತ. 'ಹನುಮಕ್ಕ, ನಮ್ಮನೆಯೋಳು ಹೊಸಬ್ಳು, ಈ ಊರಾಗೆ ಅವಳ್ಗೆ ಯಾರೂ ಇಲ್ಲ. ನಾನ್ ಬೆಳಗ್ಗೆ ಹೋದ್ರೆ ಸಂಜೆ. ಮಾತೇ ಮರ್ತೋಗ್ತಾಳೇನೋ ಅನ್ಸುತ್ತೆ. ಬೆಲ್ಲನ್ನ ನಾಕ್ ದಿನ ಕೊಡು' ಅಂದ. ನಾಕ್ ದಿನ ತಾನೆ, ತಗಂಡ್ ಹೋಗು ಅಂದೆ. ಆಮೇಲೆ ತಿಂಗ್ಳು ತಿಂಗ್ಳೂ ಬರೋನು. ಇದು ಆ ಚೀಲದ ಮೇಲೆ ಮಲಗೋದು, ಅವನು ಚಾ ಕುಡಿಯೋನು. 'ಇನ್ನೂ ಅವಳ್ಗೆ ಅಭ್ಯಾಸ ಆಗಿಲ್ಲ ಹನುಮಕ್ಕ, ಮುಟ್ಟೋಕೂ ಹೆದರ್ತಾಳೆ. ಇನ್ನೊಂದ್ ನಾಕ್ ದಿನ' ಅನ್ನೋನು. ನಾನೂ ಹೂಂ ಅನ್ನೋಳು."

ಎರಡು ವರ್ಷ. ಇಪ್ಪತ್ತನಾಲ್ಕು ಸಲ ನಾಲ್ಕು ದಿನ. ನಾನು ಒಂದು ನಾಯಿಯ ತಲೆ ಸವರಲಿ ಎಂದು ಒಬ್ಬರು ಕಾದಿದ್ದರು. ಅವರು ಕಾಯಲಿ ಎಂದು ಇನ್ನೊಬ್ಬಳು ಸೊಂಟಕ್ಕೆ ದಾರ ಕಟ್ಟಿಕೊಂಡಿದ್ದಳು. ಇಬ್ಬರಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ನಾನು ಅವಳ ಹಿಂದೆ ಹೋಗಿ ದಾರದ ಗಂಟಿಗೆ ಕೈ ಹಾಕಿದೆ. ಹಿಟ್ಟು, ಬೆವರು ಸೇರಿ ಅದು ಕಲ್ಲಾಗಿತ್ತು. ಹಲ್ಲಿನಿಂದ ಸಡಿಲಿಸಬೇಕಾಯಿತು. "ಏನ್ ಮಾಡ್ತಿದೀಯವ್ವಾ? ಬ್ಯಾಡ! ಲೈಸೆನ್ಸು ನಿನ್ನೆಸ್ರಿಗೆ ಆಗೈತೆ! ನಿಂಗ್ಯಾರಿದಾರೆ?" ಎಂದು ಅವಳು ಕೂಗುತ್ತಲೇ ಇದ್ದಳು.

"ನಲವತ್ತೆಂಟು ಮನೆ ಇದಾವೆ," ಎಂದೆ. ಅವಳಿಗೆ ಕೇಳಿಸಲಿಲ್ಲ. ಪರವಾಗಿಲ್ಲ.

ಗಂಟು ಬಿಚ್ಚಿತು. ಮಂಡಿಯೂರಿ ಕೂತು ಬೆಲ್ಲನ ತಲೆಯನ್ನು ಎರಡೂ ಕೈಯಿಂದ ಸವರಿದೆ, ಹನುಮಕ್ಕ ನೋಡಲಿ ಎಂದು, ಸಾವಕಾಶವಾಗಿ, ಕಿವಿಯ ಹಿಂದೆ, ಗದ್ದದ ಕೆಳಗೆ. ಆಮೇಲೆ ಎದ್ದು ಅದರ ಹಗ್ಗವನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

"ಅಭ್ಯಾಸ ಆಯ್ತು ಹನುಮಕ್ಕ!" ಎಂದು ಆದಷ್ಟು ಜೋರಾ‌ಗಿ ಕೂಗಿ ಹೇಳಿದೆ. "ಕೊಟ್ಟಿದ್ದಕ್ಕೆ ದೊಡ್ಡ ಉಪಕಾರ ಆಯ್ತು. ತಗೊಳ್ಳಿ!"